ಗಗನನೌಕೆಯ ಕಿಟಕಿಯಲ್ಲೊಂದು ಮುಖ

ನನಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ. ಅಡಿಪಟ್ಟಿ ಇಟ್ಟುಕೊಂಡು ಎಳೆದರೂ ಕೊನೆಗೆ ಬರುವಷ್ಟರಲ್ಲಿ ಅದು ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿ ತಿರುಗುವ ಹಾಗೆ ತಿರುಗಿಬಿಡುತ್ತದೆ. ಇಂಥ ನನ್ನನ್ನು ಕೆ.ಆರ್. ಪೇಟೆಯ ಜನ ವರ್ಷಾನುಗಟ್ಟಲೆ ಚಿತ್ರಗಳ ತೀರ್ಪಿಗೆ ಕೂರಿಸಿದ್ದಾರೆ. ರಂಗೋಲಿ, ಗಣಪತಿಯ ಅಲಂಕಾರ, ಶಾಲಾಮಕ್ಕಳ ಬಣ್ಣದ ಚಿತ್ರ, ಕೊನೆಗೆ ಸಂಬಂಧಕ್ಕೆಂದು ಬಂದ ಹುಡುಗಿಯರ ಫೋಟೋ ಸಮೇತ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ಊರಿನವರ ನಂಬಿಕೆ. 'ಗೊತ್ತಿಲ್ಲ' ಎನ್ನುವ ಧೈರ್ಯ ಮಾತ್ರ ಅವನಿಗಿರುವುದಿಲ್ಲ ಎಂಬುದು ನನ್ನ ಅನುಭವ. ಒಲೆ ಹಚ್ಚಲು ಬಾರದವನೇ ಉಪ್ಪು ಜಾಸ್ತಿಯಾಯಿತು ಅಂತ ಮೊದಲು ಹೇಳುವವನು, ಎಂದು ನಮ್ಮಜ್ಜಿ ಅನ್ನುತ್ತಿದ್ದರು.

ಕೊಟ್ಟ ತೀರ್ಪುಗಳೆಲ್ಲ ಮರೆತುಹೋಗಿವೆ. ಒಂದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ, ಉಗುಳಲೂ ಬಾರದು, ನುಂಗಲೂ ಬಾರದು.

ಮೂರು ವರ್ಷದ ಹಿಂದಿನ ಮಾತು. ನನ್ನ ಹಳೆಯ ಶಿಷ್ಯ ಪುಟ್ಟಸ್ವಾಮಿ ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದ. ಎರಡು ಟೀವಿ, ನಾಲ್ಕು ಸ್ಟೂಲು, ಸದಾ ಟುಯ್ ಟುಯ್ ಸದ್ದು. ಅದು ಸಾಲದೆಂದು ಮೈಸೂರಿನಿಂದ ಯಾರೋ ಬಳಸಿಬಿಟ್ಟ ಒಂದು ಕಂಪ್ಯೂಟರು ತಂದ. ಅದರ ಜೊತೆಗೆ ಒಂದು ಆಟದ ಸೀಡಿ ಬಂತು. ಗಗನನೌಕೆಯನ್ನು ನಾವೇ ನಡೆಸಿಕೊಂಡು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಆಟ. ಸೀಡಿಯ ಡಬ್ಬಿಯ ಮೇಲಿನ ಚಿತ್ರ ನೋಡಿದರೆ ಬರೀ ಕಪ್ಪು. ಅಲ್ಲೊಂದು ಇಲ್ಲೊಂದು ಬಿಳೀ ಚುಕ್ಕಿ. ಮೂಲೆಯಲ್ಲಿ, ಅಕ್ಕಿ ಆರಿಸುವಾಗ ಸಿಗುವ ನೆಲ್ಲಿನಷ್ಟೇ ದೊಡ್ಡ ನೌಕೆ. ಪುಟ್ಟಸ್ವಾಮಿಗೆ ಅದೇ ಚಿತ್ರ ಅಂಗಡಿಯ ಮುಂದೆ ಬೋರ್ಡಾಗಿ ಬೇಕಿತ್ತು. ಬರೆಯುವ ಕೆಲಸವನ್ನು ಆರ್ಟಿಸ್ಟ್ ಚೆಲುವಯ್ಯನಿಗೆ ಕೊಟ್ಟ.

ಚೆಲುವಯ್ಯನ ಕೈಬರಹ ಓದದೆ ನಮ್ಮ ತಾಲ್ಲೂಕಿನಲ್ಲಿ ಯಾರೂ ಒಂದು ಮೂಟೆ ಗೊಬ್ಬರ ಕೊಂಡಿರಲಾರರು. ಟ್ರಾಕ್ಟರಿನ ಟ್ರೈಲರಿನ ಹಿಂದಿನ ಹಂಸ, ಹೋಟೆಲ್ಲಿನ ಗೋಡೆಯ ಕಮಲ, ಎರಡು ಬೆಟ್ಟದ ನಡುವೆ ಹುಟ್ಟುವ ಸೂರ್ಯ, ಎಲ್ಲಾ ಅವನದೇ. ಮೂಲ ನಾಗಮಂಗಲದ ಕಡೆ. ಅವನಪ್ಪ ತೊಗಲುಗೊಂಬೆ ಮಾಡುತ್ತಿದ್ದವರು. ಅಪ್ಪನಿಂದ ಬಂದ ಆಸ್ತಿ ಎಂದರೆ ಒಂದು ಅಭ್ಯಾಸ. ಯಾವ ಚಿತ್ರವೇ ಇರಲಿ, ಕಣ್ಣು ಕೊನೆಗೆ. ಉಳಿದದ್ದೆಲ್ಲ ಮುಗಿದ ಮೇಲೆ, ಸ್ನಾನ ಮಾಡಿ, ಗಂಧದಕಡ್ಡಿ ಹಚ್ಚಿ, ಸಣ್ಣ ಬ್ರಷ್ಷಿನಲ್ಲಿ ಕಣ್ಣು ಬಿಡಿಸುವುದು. ಆಮೇಲೆ ತಾಂಬೂಲ. ತಾಂಬೂಲ ತಗೊಂಡರೆ ಕೆಲಸ ಮುಗಿಯಿತು ಅಂತ ಅರ್ಥ, ಅಲ್ಲಿಯವರೆಗೆ ಮುಗಿದಿಲ್ಲ. ಒಮ್ಮೆ ಹಿಂಡಿ ಬೂಸಾ ಅಂಗಡಿಯ ಬೋರ್ಡಿಗೆ ಹಸು ಬರೆದ. ತಾಂಬೂಲ ಕೊಡಬೇಕಾದ ಯಜಮಾನರು ಊರಲ್ಲಿರಲಿಲ್ಲ, ಅವರು ಬರದೆ ಕಣ್ಣು ಬಿಡಿಸುವಂತಿರಲಿಲ್ಲ. ನಾಲ್ಕು ದಿನ ಕಣ್ಣಿಲ್ಲದ ಹಸು ಬೀದಿಯಲ್ಲಿ ನಿಂತಿತ್ತು. 'ಬೂಸಾ ತಿಂದು ಹಿಂಗಾಯ್ತೇನೋ' ಅಂತ ಜನ ಆಚೆ ಅಂಗಡಿಗೆ ಹೋದರಂತೆ.

ನಮ್ಮಜ್ಜಿಗೆ ಚೆಲುವಯ್ಯ ಗೊತ್ತಿರಲಿಲ್ಲ, ಆದರೆ ಗೊತ್ತಿದ್ದರೆ ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಅಜ್ಜಿಯ ಪ್ರಕಾರ ಚಿತ್ರವನ್ನು ನಾವು ನೋಡುವುದು ಹೆಚ್ಚಲ್ಲ, ಅದು ನಮ್ಮನ್ನು ನೋಡಬೇಕು. ನೋಡಿದರೆ ಚಿತ್ರ, ಇಲ್ಲದಿದ್ದರೆ ಬಣ್ಣ.

ಬೋರ್ಡು ಶುರುಮಾಡುವ ಮುನ್ನ ಚೆಲುವಯ್ಯ ನಮ್ಮ ಮನೆಗೆ ಬಂದ. ಕಾಫಿ ಲೋಟವನ್ನು ಕೈಯಲ್ಲಿ ತಡವಿ ಹಿಡಿದದ್ದು ನೋಡಿಯೇ ನನಗೆ ಅರ್ಥವಾಗಬೇಕಿತ್ತು. ಅವನೇ ಹೇಳಿದ.

"ಇದೇ ಕೊನೇ ಬೋರ್ಡು ಮೇಷ್ಟ್ರೇ. ಕಣ್ಣು ಮಂಜಾಯ್ತಾ ಅವೆ. ಪೊರೆ ಆಗಿದ್ರೆ ತೆಗೀಬೋದಿತ್ತಂತೆ, ಇದು ಒಳಗಡೆ ನರ ಒಣಗ್ತಾ ಇರೋದು ಅಂದ್ರು ಮೈಸೂರು ಡಾಕ್ಟ್ರು. ಇದೊಂದು ನೆಟ್ಟಗೆ ಮುಗುದ್ಬುಟ್ರೆ ಬ್ರಷ್ಷು ತೊಳ್ದು ಮಡಗ್ಬುಡ್ತೀನಿ." ಲೋಟ ಕೆಳಗಿಟ್ಟು ಕೇಳಿದ, "ಅಲ್ಲಾ, ಏನೂ ಇಲ್ದೆ ಇರೋದ್ನ ಎಂಗೆ ಬರೀಲಿ?"

ಅವನ ಕಷ್ಟ ನನಗೆ ಅರ್ಥವಾಯಿತು. ಬರಿದು ಬಿಡುವುದು ನಮ್ಮ ಕೈಗೆ ಬಂದ ವಿದ್ಯೆಯಲ್ಲ. ಶ್ರೀರಂಗಪಟ್ಟಣದ ಬೇಸಿಗೆ ಅರಮನೆಯ ಗೋಡೆ ನೋಡಿ, ಕುದುರೆ, ಕಾಲಾಳು, ಪಲ್ಲಕ್ಕಿ, ಫಿರಂಗಿ. ಒಂದು ಬಳೆ ಇಡುವಷ್ಟು ಜಾಗ ಖಾಲಿ ಇಲ್ಲ. ಒಬ್ಬನ ಮೂಗು ಮುಗಿಯುವ ಕಡೆ ಇನ್ನೊಬ್ಬನ ಮೀಸೆ ಶುರು. ನಮ್ಮ ಹಿರಿಯರಂತೂ ಖಾಲಿ ಎಂಬ ಮಾತನ್ನೇ ಬಾಯಲ್ಲಿ ತರುತ್ತಿರಲಿಲ್ಲ. ಅಕ್ಕಿ ಮುಗಿದರೆ ಅಜ್ಜಿ 'ತುಂಬಿದೆ' ಅನ್ನುತ್ತಿದ್ದರು, ಬಳೆ ಒಡೆದರೆ 'ಹೆಚ್ಚಿತು'. ಅಂಥ ಮನೆಗಳಲ್ಲಿ ಬೆಳೆದವನಿಗೆ ಆರಡಿ ಹಲಗೆಯ ಮೇಲೆ ಶೂನ್ಯ ಬರೆದುಕೊಡು ಎಂದರೆ ಅವನಾದರೂ ಏನು ಮಾಡಿಯಾನು?

ಎರಡು ವಾರ ಕಳೆಯಿತು. ಪುಟ್ಟಸ್ವಾಮಿ ಹೇಳಿ ಕಳಿಸಿದ. ಹೋದೆ. ಬೋರ್ಡು ಗೋಡೆಗೆ ಒರಗಿತ್ತು. ಕಪ್ಪು ಬಳಿದಿದ್ದ, ಚುಕ್ಕಿಗಳನ್ನೂ ಇಟ್ಟಿದ್ದ. ಆದರೆ ಮೂಲೆಯ ನೆಲ್ಲು ನಡುವಿಗೆ ಬಂದು ಕುಂಬಳಕಾಯಿಯಾಗಿತ್ತು. ಅದಕ್ಕೊಂದು ಕಿಟಕಿ. ಕಿಟಕಿಯಲ್ಲಿ ಒಂದು ಮುಖ. ಹೆಣ್ಣೂ ಅಲ್ಲ, ಗಂಡೂ ಅಲ್ಲ, ಸುಮ್ಮನೆ ದೂರದ ಊರಿಗೆ ಬಸ್ಸು ಹತ್ತಿದವರ ಮುಖ. ಕಣ್ಣಿನ ಜಾಗ ಇನ್ನೂ ಬೆಳ್ಳಗಿತ್ತು.

"ಸೀಡೀಲಿ ಎಲ್ಲವ್ನೆ ಚೆಲುವಣ್ಣ ಇವ್ನು?" ಪುಟ್ಟಸ್ವಾಮಿಯ ದೂರು.

"ಯಾರೂ ಇಲ್ದೆ ಗಾಡಿ ಎಂಗ್ಲಾ ಓಯ್ತದೆ? ಒಡ್ಯೋರು ಬ್ಯಾಡ್ವಾ?" ಚೆಲುವಯ್ಯನ ಜವಾಬು.

ಇಬ್ಬರೂ ನನ್ನ ಕಡೆ ತಿರುಗಿದರು. ಮೇಷ್ಟ್ರು ಹೇಳಿದ ಹಾಗಾಗಲಿ ಎಂದರು.

ನಾನೂ ತಕ್ಕ ನ್ಯಾಯಾಧೀಶ. ಆಟ ಆಡಿ ನೋಡದೆ ಅದರ ಚಿತ್ರಕ್ಕೆ ಬೆಲೆ ಕಟ್ಟಲಾರೆ ಎಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡೆ. ಪುಟ್ಟಸ್ವಾಮಿ ಗುಂಡಿಗಳನ್ನು ತೋರಿಸಿಕೊಟ್ಟ. ಒತ್ತಿದೆ. ಕತ್ತಲು. ಯಾರೋ ರಂಗೋಲಿ ಪುಡಿ ಎರಚಿದ ಹಾಗೆ ಚುಕ್ಕಿಗಳು ಎದುರು ಬಂದವು, ಹಿಂದಕ್ಕೆ ಹೋದವು, ಮತ್ತೆ ಬಂದವು. ಎಷ್ಟು ಹೊತ್ತಾದರೂ ಊರೂ ಇಲ್ಲ, ಕೇರಿಯೂ ಇಲ್ಲ. ದಾರಿ ತಪ್ಪಿದ್ದು ಗೊತ್ತಾಯಿತು, ಹಿಂದಕ್ಕೆ ಬರುವುದು ಹೇಗೆಂದು ಗೊತ್ತಾಗಲಿಲ್ಲ. ಅಕ್ಕಿಹೆಬ್ಬಾಳಿನ ಪುಟ್ಟ ಸ್ಟೇಷನ್ನಿನಲ್ಲಿ ಅಪ್ಪ ಕೂತ ರೈಲು ಹೊರಟುಹೋದ ಮೇಲೆ ಎರಡು ಕಡೆಗೂ ಬರೀ ಕಂಬಿ ನೋಡುತ್ತ ನಿಂತಿದ್ದೆ, ಬಹಳ ಹಿಂದೆ. ಆವತ್ತಿನ ಹೆದರಿಕೆಯೇ ಇಲ್ಲೂ ಬಂತು. ಒಂದು ಗಂಟೆಯಾದ ಮೇಲೆ ಎದ್ದೆ.

ಎದ್ದವನು ಮನೆಗೆ ಹೋಗಬೇಕಿತ್ತು. ಭಾಷಣ ಮಾಡಿದೆ. ಪುಸ್ತಕದ ಹೊದಿಕೆಯಾಗಲಿ, ಲಗ್ನಪತ್ರಿಕೆಯಾಗಲಿ, ಅಂಗಡಿಯ ಬೋರ್ಡಾಗಲಿ, ಒಳಗಿಲ್ಲದ್ದನ್ನು ಹೊರಗೆ ತೋರಿಸಬಾರದು ಎಂದೆ. ಬೆಂಕಿಪೊಟ್ಟಣದ ಮೇಲೆ ಹುಲಿಯ ಚಿತ್ರವಿದ್ದರೆ ಒಳಗೆ ಹುಲಿ ಇರುತ್ತದೆಯೇ ಎಂದು ಯಾರೂ ಅಡ್ಡ ಪ್ರಶ್ನೆ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು.

"ಒಳಗೆ ಯಾರೂ ಇಲ್ಲ ಚೆಲುವಯ್ಯ. ನಾನೇ ನೋಡಿ ಬಂದೆ" ಎಂದೆ.

"ಒಬ್ರೂ ಇಲ್ವಾ ಮೇಷ್ಟ್ರೇ?"

"ಒಬ್ಬರೂ ಇಲ್ಲ."

ಅದು ಅವನ ಕೊನೆಯ ಬೋರ್ಡೆಂದು ಗೊತ್ತಿದ್ದೂ ಹಾಗೆಂದೆ. ತನ್ನದೇ ಸರಿ ಎನ್ನುವುದು ತಲೆಗೆ ಹತ್ತಿದಾಗ ಮನುಷ್ಯನಿಗೆ ಎದುರು ನಿಂತವನು ಕಾಣುವುದಿಲ್ಲ. ಚೆಲುವಯ್ಯ ಹಲಗೆಗೆ ಮೂಗು ತಾಗುವಷ್ಟು ಬಗ್ಗಿ, ಕಪ್ಪು ಬಣ್ಣವನ್ನು ಆ ಮುಖದ ಮೇಲೆ ಒಂದೇ ಸಲ ತೆಳ್ಳಗೆ ಎಳೆದ. ಪುಟ್ಟಸ್ವಾಮಿ ತಾಂಬೂಲದ ತಟ್ಟೆ ತಂದ. ಚೆಲುವಯ್ಯ ಕೈ ಒರೆಸಿಕೊಂಡನೇ ಹೊರತು ಚಾಚಲಿಲ್ಲ.

"ಕಣ್ಣು ಬುಡ್ಸಿಲ್ವಲ್ಲಾ ಪುಟ್ಟಸ್ವಾಮಿ. ಕೆಲ್ಸ ಎಲ್ಲಿ ಮುಗೀತು?" ಅಂದು ಬಿಸಿಲಿಗಿಳಿದು ಹೋದ. ಆ ತಿಂಗಳೇ ಪಾಂಡವಪುರದ ಮಗಳ ಮನೆ ಸೇರಿಕೊಂಡ ಎಂದು ಕೇಳಿದೆ.

ಬೋರ್ಡು ಮೇಲೇರಿತು. ಅದರ ಮುಂದೆ ಹಾದುಹೋಗುವಾಗ ಒಂದು ವರ್ಷ ನಾನು ಎದೆ ಸ್ವಲ್ಪ ಮುಂದೆ ಮಾಡಿಕೊಂಡೇ ನಡೆದೆ. ಎರಡು ಮಳೆಗಾಲ ಹೋದವು. ಕೆಳಗಿನ ಬಣ್ಣ ಒಣಗುವ ಮುಂಚೆ ಮೇಲೆ ಎಳೆದ ತೆಳು ಕಪ್ಪು ಎಷ್ಟು ದಿನ ನಿಂತೀತು? ಬಿಸಿಲಿಗೆ ಬಿರಿದು, ಮಳೆಗೆ ಎದ್ದು, ಚಕ್ಕೆಚಕ್ಕೆಯಾಗಿ ಉದುರಿತು. ಒಂದು ಬೆಳಿಗ್ಗೆ ಮೇಲುಕೋಟೆ ಬಸ್ಸಿಗೆ ಕಾಯುತ್ತ ತಲೆ ಎತ್ತಿದರೆ ಕಿಟಕಿಯಲ್ಲಿ ಆ ಮುಖ. ಕಣ್ಣಿನ ಜಾಗದಲ್ಲಿ ಎರಡು ಬಿಳಿ.

'ಒಳಗೆ ಯಾರೂ ಇಲ್ಲ, ನಾನೇ ನೋಡಿ ಬಂದೆ' ಅಂದಿದ್ದೆನಲ್ಲ, ಹಾಗಾದರೆ ನೋಡಿ ಬಂದವನು ಯಾರು? ಒಂದು ಗಂಟೆ ಆ ನೌಕೆಯಲ್ಲಿ ಕೂತು, ದಾರಿ ತಪ್ಪಿ, ಹೆದರಿದವನು ಯಾರು? ಗಾಡಿ ಹೊಡೆಯುವವರು ಬೇಡವೇ ಎಂದು, ಆಟವನ್ನು ಮುಟ್ಟಿಯೂ ನೋಡದ ಚೆಲುವಯ್ಯ ಕೇಳಿದ್ದ. ಆಡಿದ ನನಗೆ ಕುರ್ಚಿಯಲ್ಲಿ ಕೂತಿದ್ದ ನಾನೇ ಕಂಡಿರಲಿಲ್ಲ. ಮೇಲುಕೋಟೆ ಬಸ್ಸು ಬಂತು, ಹೋಯಿತು. ನಾನು ಪಾಂಡವಪುರದ ಬಸ್ಸು ಹತ್ತಿದೆ.

ಚೆಲುವಯ್ಯ ಜಗಲಿಯಲ್ಲಿ ಕೂತಿದ್ದ. ಕಣ್ಣು ಪೂರ್ತಿ ಹೋಗಿತ್ತು. ಕೆಮ್ಮಿದ್ದಕ್ಕೇ "ಮೇಷ್ಟ್ರಾ? ಬನ್ನಿ" ಅಂದ. ಬಣ್ಣ ಉದುರಿದ್ದು ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. ಬಾ, ನಿನ್ನ ಕೈ ಹಿಡಿದುಕೊಂಡು ಕಣ್ಣು ಬಿಡಿಸೋಣ ಎಂದೆ. ತಲೆಯಾಡಿಸಿದ.

"ಕೈ ಇಡ್ಕೊಂಡು ಬರ್ದುದ್ದು ನಿಮ್ದೂ ಅಲ್ಲ, ನಂದೂ ಅಲ್ಲ. ಮುಚ್ಚುಸ್ದೋರು ನೀವು, ನೀವೇ ಬುಡ್ಸಿ."

ಮಗಳನ್ನು ಕೂಗಿ ಟ್ರಂಕಿನಿಂದ ಸಣ್ಣ ಬ್ರಷ್ಷು ತರಿಸಿದ. ಸ್ನಾನ ಮಾಡಿಕೊಂಡು ಗಂಧದಕಡ್ಡಿ ಹಚ್ಚಬೇಕೆಂದು ಎರಡು ಸಲ ಹೇಳಿದ, ಕನ್ನಡ ಮೇಷ್ಟ್ರಿಗೆ ಮಡಿ ಗೊತ್ತೋ ಇಲ್ಲವೋ ಎಂಬ ಅನುಮಾನ.

ಮಾರನೆಯ ದಿನ ಪುಟ್ಟಸ್ವಾಮಿ ಏಣಿ ಹಿಡಿದುಕೊಂಡ. ಅಷ್ಟು ಹೊತ್ತಿಗೆ ಅವನ ಕಂಪ್ಯೂಟರು ಕೆಟ್ಟು ಮೂಲೆ ಸೇರಿತ್ತು. ಅಂಗಡಿಯ ಮುಕ್ಕಾಲು ಭಾಗದಲ್ಲಿ ಬೀಡಿ, ಬಾಳೆಹಣ್ಣು. ಬಲಗಣ್ಣು ಪರವಾಗಿಲ್ಲ ಎನ್ನುವ ಹಾಗೆ ಬಂತು. ಎಡಗಣ್ಣಿನ ಗೆರೆಗೆ ಬರುವಷ್ಟರಲ್ಲಿ ಹೇಮಾವತಿ ತಿರುಗಿದಳು.

ತಾಂಬೂಲ ಕಟ್ಟಿಕೊಂಡು ಮತ್ತೆ ಪಾಂಡವಪುರಕ್ಕೆ ಹೋದೆ. ಚೆಲುವಯ್ಯ ಚೆನ್ನಾಗಿ ಬಂತಾ ಎಂದು ಕೇಳಲಿಲ್ಲ. "ನೋಡ್ತದಾ?" ಎಂದ.

"ನೋಡ್ತದೆ ಚೆಲುವಯ್ಯ. ಒಂದು ಕಣ್ಣು ಬಸ್‌ಸ್ಟ್ಯಾಂಡಿನ ಕಡೆ, ಇನ್ನೊಂದು ಮೋಡದ ಕಡೆ."

ಅವನ ಮುಖ ಸ್ವಲ್ಪ ಅಗಲವಾಯಿತು. "ಅಷ್ಟಾದ್ರೆ ಸಾಕು ಬುಡಿ. ಒಂದು ದಾರಿ ನೋಡ್ಕತದೆ, ಒಂದು ನಿಮ್ಮನ್ನ ನೋಡ್ಕತದೆ" ಎಂದು ಎರಡೂ ಕೈ ಚಾಚಿ ತಾಂಬೂಲ ತಗೊಂಡ. ಎಲೆಯ ತೊಟ್ಟು ಮುರಿಯುವಾಗ ಬೆರಳು ತಪ್ಪಲಿಲ್ಲ.

ಮೊನ್ನೆ ರಂಗೋಲಿ ಸ್ಪರ್ಧೆಗೆ ಮತ್ತೆ ಕರೆದಿದ್ದರು. ಹೋದೆ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೇ ಹೋದೆ. ಅಂಗಡಿಗೆ ಬೀಗ ಬಿದ್ದಿದೆ, ಬೋರ್ಡು ಹಾಗೇ ಇದೆ. ಕುಂಬಳಕಾಯಿಯಂಥ ನೌಕೆಯ ಕಿಟಕಿಯಿಂದ ಅವನು ಮೆಳ್ಳೆಗಣ್ಣಿನಲ್ಲಿ ನನ್ನನ್ನು ನೋಡಿದ. ನಾನೂ ನಿಂತುಕೊಂಡೆ, ಮಾರ್ಕು ಕೇಳಲು ಬಂದ ಹುಡುಗನ ಹಾಗೆ. ಮಾರ್ಕೇನೂ ಸಿಗಲಿಲ್ಲ, ಅವನ ಇನ್ನೊಂದು ಕಣ್ಣು ದಾರಿಯ ಮೇಲಿತ್ತು. ಅವನ ಊರು ಇನ್ನೂ ದೂರವಿರಬೇಕು.