ಮೂರು ಕಾಲಿನ ಬೆಕ್ಕೂ ನನ್ನ ಟವೆಲೂ

ನಾಲ್ಕು ಕಾಲಿನ ಬೆಕ್ಕಿಗಿಂತ ಮೂರು ಕಾಲಿನಲ್ಲಿ ನಡೆಯುವ ಬೆಕ್ಕಿಗೆ ಗಾಂಭೀರ್ಯ ಹೆಚ್ಚು. ನಂಬಿಕೆಯಿಲ್ಲದಿದ್ದರೆ ನೀವೇ ಗಮನಿಸಿ. ಕೊಟ್ಟೂರಿನ ನಮ್ಮ ಶೇಂಗಾ ಗೋದಾಮಿನ ಮಾಳಿಗೆಯನ್ನು ತನ್ನ ಸ್ವಯಾರ್ಜಿತ ಆಸ್ತಿಯೆಂದೇ ಭಾವಿಸಿದ್ದ ಬೂದು ಬೆಕ್ಕೊಂದು, ಒಂದು ಚಳಿಗಾಲದ ಬೆಳಿಗ್ಗೆ ಮುಂಗಾಲನ್ನು ಎದೆಗೆ ಮಡಚಿಕೊಂಡು, ನಮಗೆಲ್ಲ ಉಪಕಾರ ಮಾಡುವಂತೆ ಅಂಗಳ ದಾಟಿತು. ಪಂಜ ಊದಿ ಕೆಂಪಾಗಿತ್ತು. ಅದು ನಮ್ಮದಲ್ಲ, ಯಾರದೂ ಅಲ್ಲ. ಆದರೂ ನೆಗೆಯಲಾರದ ಬೆಕ್ಕು ಬೀದಿನಾಯಿಗಳ ಪಾಲಾಗುತ್ತದೆಂದು ತಿಳಿಯಲು ಪಂಚಾಂಗ ನೋಡಬೇಕಿಲ್ಲ.

ಬೆಕ್ಕನ್ನು ಎತ್ತಿಕೊಂಡು ದನದ ಆಸ್ಪತ್ರೆಗೆ ಹೋದರೆ ಪೇಟೆಯೆಲ್ಲ ನಗುತ್ತಿದ್ದ ಕಾಲವದು. ಅಲ್ಲದೆ ನಾನು ಎತ್ತಿನ ದಲ್ಲಾಳಿತನದಿಂದ ಮೇಲೆ ಬಂದವನು. ಟವೆಲಿನ ಮರೆಯಲ್ಲಿ ಎದುರಾಳಿಯ ಬೆರಳು ಹಿಡಿದೇ ದರ ತಿಳಿಸಿ, ತುಟಿ ಅಲುಗಿಸದೆ ವ್ಯಾಪಾರ ಕುದುರಿಸುವ ಸಂತೆಯ ವಿದ್ಯೆ ನನಗೆ ಅಕ್ಷರಶಃ ಕರಗತ. ಹೆಗಲ ಮೇಲಿನ ಟವೆಲನ್ನು ಬೆಕ್ಕಿನ ಮೇಲೆ ಹೊದಿಸಿ, ಕೆಳಗಿನಿಂದ ಕೈ ತೂರಿಸಿದೆ.

"ಅದು ಎತ್ತಲ್ರೀ, ಬೆಕ್ಕು!" ಎಂದು ನನ್ನ ಮನೆಯಾಕೆ ಕೊಟ್ರಮ್ಮ ಕೂಗುವಷ್ಟರಲ್ಲಿ ಬೆಕ್ಕು ಐದೂ ಉಗುರಿನಿಂದ ತನ್ನ ದರ ತಿಳಿಸಿಯಾಗಿತ್ತು. ಎದುರಿನ ಎಸ್‌ಟಿಡಿ ಬೂತಿನ ಬಸಣ್ಣ ಕುರ್ಚಿಯಿಂದ ಏಳದೆಯೇ ಕೇಳಿದ: "ಏನ್ ಮಾವಾ, ವ್ಯಾಪಾರ ಕುದುರ್ಲಿಲ್ಲೇನು?"

ಕುದುರದ ವ್ಯಾಪಾರಕ್ಕೆ ಬೆನ್ನು ತೋರಿಸಿ ನಡೆಯಬೇಕು, ಮಾರುವವನು ತಾನಾಗಿ ಕೂಗಿ ಕರೆಯುತ್ತಾನೆ. ಇದು ನಾನು ಎಷ್ಟೋ ಜನರಿಗೆ ಪುಕ್ಕಟೆ ಕೊಟ್ಟ ಸಲಹೆ. ಹಾಲಿನ ಬಟ್ಟಲಿಟ್ಟು, ನಿರಾಸಕ್ತಿಯ ಅಭಿನಯದಲ್ಲಿ ಬೀದಿಯ ತುದಿಯವರೆಗೆ ಹೋದೆ. ಯಾರೂ ಕರೆಯಲಿಲ್ಲ. ತಿರುಗಿ ಬಂದಾಗ ಬಟ್ಟಲು ಖಾಲಿ; ಬೆಕ್ಕು ಮೂಟೆಗಳ ಸಂದಿಯಲ್ಲಿತ್ತು. ನನ್ನ ಶಾಸ್ತ್ರವನ್ನು ನನಗಿಂತ ಚೆನ್ನಾಗಿ ಓದಿಕೊಂಡ ಪ್ರಾಣಿ!

ಮರುದಿನ ಅದು ಹಾಲಿಗೂ ಬರಲಿಲ್ಲ. ಸಂದಿಯಿಂದ ಸಣ್ಣ ನರಳಾಟ ಮಾತ್ರ ಕೇಳುತ್ತಿತ್ತು. ನನಗೆ ನಗು ಬರುವುದು ನಿಂತಿತು. "ಕಾಲು ಕೊಳೀತೈತಿ ನೋಡ್ರಿ, ಹಿಂಗ ಬಿಟ್ರ ಉಳಿಯಂಗಿಲ್ಲ" ಎಂದಳು ಕೊಟ್ರಮ್ಮ. ಆಮೇಲೆ ನನ್ನನ್ನು ಸಂದಿಯ ಬಾಯಿಗೆ, ಬಿಸಿಲು ಬೀಳುವಲ್ಲಿ, ಖಾಲಿ ಚೀಲದ ಮೇಲೆ ಕೂಡಿಸಿದಳು. "ಬಾಯಿ ಮುಚ್ಕೊಂಡು ಕುಂದರ್ರಿ. ಅಷ್ಟ ನಿಮ್ಮ ಕೆಲಸ."

ಓದುಗ ಮಹಾಶಯರೇ, ಹಮಾಲರಿಗೆ ಮೂಟೆ ಹೊರುವುದನ್ನೂ ಪೂಜಾರಿಗೆ ಮಂಗಳಾರತಿ ಎತ್ತುವುದನ್ನೂ ಹೇಳಿಕೊಟ್ಟ ಈ ನಾಲಿಗೆಗೆ ಅದೆಂಥ ಶಿಕ್ಷೆಯೆಂದು ಊಹಿಸಿ! ಹೇಳಬೇಕಾದದ್ದೆಲ್ಲ ಗಂಟಲಲ್ಲಿ ಜಮೆಯಾಗುತ್ತಿತ್ತು. ಬಸಣ್ಣ ಬಂದು ಎರಡು ಸಲ ಕೆಣಕಿ, ಉತ್ತರ ಸಿಗದೆ, ನನ್ನ ಆರೋಗ್ಯ ಸರಿಯಿದೆಯೇ ಎಂದು ಕೊಟ್ರಮ್ಮನನ್ನು ವಿಚಾರಿಸಿ ಹೋದ. ಬಿಸಿಲು ಏರಿದ ಮೇಲೆ ಬೆಕ್ಕು ತೆವಳುತ್ತ ಬಂದು, ನನ್ನನ್ನು ಇನ್ನೊಂದು ಚೀಲವೆಂದು ಬಗೆಯಿತೋ ಏನೋ, ತೊಡೆಯೇರಿ ಮಲಗಿತು. ಅದಕ್ಕೆ ಜೊಂಪು ಹತ್ತಿದೊಡನೆ ಕೊಟ್ರಮ್ಮ ಬಿಸಿ ಉಪ್ಪುನೀರಲ್ಲಿ ಅದ್ದಿದ ಅರಿವೆಯಿಂದ ಪಂಜ ಒತ್ತಿ, ಪಿನ್ನಿನ ಮೊನೆಯಿಂದ ಬಳ್ಳಾರಿ ಜಾಲಿಯ ಮುಳ್ಳೊಂದನ್ನು ಎತ್ತಿದಳು. ಬೆಕ್ಕು ನನ್ನ ತೊಡೆಗೆ ಉಗುರಿಳಿಸಿತು. ನಾನು ತುಟಿ ಕಚ್ಚಿದೆನೇ ಹೊರತು "ಹಂಗಲ್ಲ, ಹಿಂಗ" ಎನ್ನಲಿಲ್ಲ.

ಕೆಲವು ದಿನಗಳಲ್ಲೇ ಅದು ನಾಲ್ಕೂ ಕಾಲೂರಿ, ಗಾಂಭೀರ್ಯವನ್ನೆಲ್ಲ ಕಳೆದುಕೊಂಡು, ಸಾಧಾರಣ ಬೆಕ್ಕಿನಂತೆ ಇಲಿಯ ಹಿಂದೆ ಓಡಿತು. ನನ್ನತ್ತ ತಿರುಗಿಯೂ ನೋಡಲಿಲ್ಲ. ನಿಮ್ಮ ಅಂಗಳಕ್ಕೂ ಇಂಥದೊಂದು ಬಂದರೆ ಬಿಸಿಲಲ್ಲಿ ಕುಳಿತು ಸುಮ್ಮನಿರಿ. ನನ್ನ ಸಲಹೆ ಅಷ್ಟೇ. ಅದನ್ನು ಹೇಳಲು ಇಷ್ಟೆಲ್ಲ ಮಾತಾಡಿದೆನೆಂದು ಕೊಟ್ರಮ್ಮ ಒಳಗೆ ನಗುತ್ತಿದ್ದಾಳೆ.