ಏನೂ ಕೊಡದ ಇಲಿಗಳ ಕಿಡ್ನಿ

ಅಮೆರಿಕದ ಕ್ಯಾಲಮಜೂ ಊರಿನ ಚರ್ಚಿನಲ್ಲಿ ಯಾರಾದರೂ ಹೊಸಬರು, "ತಾವೇನು ಕೆಲಸ ಮಾಡ್ಕೊಂಡಿದ್ದೀರಿ?" ಎಂದು ಕೇಳಿದರೆ ಗೆರಿಟ್ ಹೂಕ್‌ಸ್ಟ್ರಾ ತನ್ನ ಡಾಕ್ಟರೇಟಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ಇಲಿ ಉಚ್ಚೆ ಹಿಡಿಯೋ ಕೆಲಸ," ಎನ್ನುತ್ತಿದ್ದ. ಕೇಳಿದವರು ಕಾಫಿ ಲೋಟ ಹಿಡಿದುಕೊಂಡು ಮೆಲ್ಲಗೆ ಬೇರೆ ಕಡೆ ಸರಿಯುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ ವಿಲ್ಮಾ, "ಅದೂ ಸರಿಯಾಗಿ ಬರಲ್ಲ ಇವನಿಗೆ, ಅರ್ಧ ಷರ್ಟಿನ ಮೇಲೇ ಇರುತ್ತೆ," ಎಂದು ಸೇರಿಸುತ್ತಿದ್ದಳು.

ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಗೆರಿಟ್‌ಗೆ ಚಟ. ಬೇರೆಯವರು ಶುರುಮಾಡುವ ಮೊದಲು ತಾನೇ ಮುಗಿಸಿಬಿಟ್ಟರೆ ನೋವು ಕಡಿಮೆ ಎನ್ನುವುದು ಅವನ ಅನುಭವ. ಬೋಳು ತಲೆ, ಡೊಳ್ಳು ಹೊಟ್ಟೆ, ಬಿಳಿ ಕೋಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು ಓಡಾಡುವ ಅಭ್ಯಾಸ, ಎಲ್ಲವೂ ಅವನಿಗೆ ಸರಕು. ಒಂದು ವಿಷಯವನ್ನು ಮಾತ್ರ ಅವನು ನಗೆಚಾಟಿಕೆಗೆ ತರುತ್ತಿರಲಿಲ್ಲ. ಅದು ಅವನೇ ಕಟ್ಟಿದ ಮೂತ್ರಪರೀಕ್ಷೆ.

ಔಷಧಿಯೋ ವಿಷವೋ ಕಿಡ್ನಿಯ ಸಣ್ಣ ಕೊಳವೆಗಳನ್ನು ಘಾಸಿ ಮಾಡಿದರೆ ಅಲ್ಲಿಂದ ಒಂದು ಪ್ರೋಟೀನು ಉದುರಿ ಮೂತ್ರದಲ್ಲಿ ಬರುತ್ತದೆ. ಅದನ್ನು ಹಿಡಿದರೆ ಹಾನಿ ಇನ್ನೂ ಎಳೆಯದಾಗಿರುವಾಗಲೇ ಗೊತ್ತಾಗುತ್ತದೆ. ಎಲ್ಲರೂ ನೆಚ್ಚಿಕೊಂಡಿರುವ ರಕ್ತಪರೀಕ್ಷೆಯಾದರೋ, ಅರ್ಧ ಮನೆ ಸುಟ್ಟ ಮೇಲೆ ಬಂದು "ನಿಮ್ಮಲ್ಲೇನೋ ಹೊಗೆ ಬರ್ತಿದೆಯಲ್ಲ" ಎನ್ನುವ ನೆರೆಯವನಂತೆ. ವಿಲ್ಮಾಳ ವಿಷಯದಲ್ಲಿ ಆದದ್ದೂ ಅದೇ. ಅವಳ ಕ್ಯಾನ್ಸರಿಗೆ ಕೊಟ್ಟ ಮದ್ದು ಅವಳನ್ನು ಉಳಿಸಿತು, ಕಿಡ್ನಿಗಳನ್ನು ತಿಂದಿತು. ರಕ್ತಪರೀಕ್ಷೆ ಪ್ರತಿ ಸಲವೂ "ಚೆನ್ನಾಗಿದೆ" ಎಂದೇ ಹೇಳುತ್ತಿತ್ತು. ಅದು ಬಾಯಿಬಿಡುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೋಗಿಯಾಗಿತ್ತು. ಆಗೆಲ್ಲ ಗೆರಿಟ್ ಅವಳ ಮಂಚದ ಪಕ್ಕದಲ್ಲೇ ಕುಳಿತು ಮೀನು ಹಿಡಿಯುವ ಪತ್ರಿಕೆ ಓದುತ್ತಿದ್ದ. ಊರಿನ ಇಲಿಗಳ ಕಿಡ್ನಿಯನ್ನೆಲ್ಲ ಬಲ್ಲ ಪಂಡಿತನಿಗೆ ಹೆಂಡತಿಯ ಕಿಡ್ನಿ ಹೋಗುತ್ತಿದ್ದುದು ಗೊತ್ತಾಗಲಿಲ್ಲ, ಭೇಷ್ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ!

ಈ ಚಳಿಗಾಲದ ಪ್ರಯೋಗದಲ್ಲಿ ಅದೆಲ್ಲ ತೀರ್ಮಾನವಾಗಬೇಕಿತ್ತು. ವಿಲ್ಮಾಳಿಗೆ ಕೊಟ್ಟಿದ್ದ ಅದೇ ಮದ್ದನ್ನು ಒಂದು ಗುಂಪಿನ ಇಲಿಗಳಿಗೆ ಚುಚ್ಚುವುದು. ಇನ್ನೊಂದು ಗುಂಪಿಗೆ ಬರೀ ಉಪ್ಪುನೀರು. ಮದ್ದು ಬಿದ್ದವುಗಳ ಮೂತ್ರದಲ್ಲಿ ಪ್ರೋಟೀನು ಏರಬೇಕು, ಉಪ್ಪುನೀರಿನವುಗಳಲ್ಲಿ ಏರಬಾರದು. ಹಾಗಾದರೆ ಪರೀಕ್ಷೆ ಮುಂದಕ್ಕೆ, ಆಸ್ಪತ್ರೆಗಳ ಕಡೆಗೆ ಹೋಗುತ್ತದೆ. ಇಲ್ಲದಿದ್ದರೆ ಇಲ್ಲಿಗೇ ಮಣ್ಣು.

ಫ್ಲಾರಿಡಾದಲ್ಲಿದ್ದ ವಿಲ್ಮಾಳ ತಮ್ಮ ಆ ಚಳಿಗಾಲದಲ್ಲೂ ಎಂದಿನಂತೆ ಒಂದು ಪೆಟ್ಟಿಗೆ ಕಿತ್ತಳೆ ಕಳಿಸಿದ. ಅವನಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಕಿಡ್ನಿ ಕೆಟ್ಟವರಿಗೆ ಕಿತ್ತಳೆ, ಬಾಳೆಹಣ್ಣು, ಆಲೂಗಡ್ಡೆ ಎಲ್ಲ ಬೇಡ. ವಿಲ್ಮಾಳೋ ಕಿತ್ತಳೆಯೆಂದರೆ ಪ್ರಾಣ ಬಿಡುವವಳು. ಅವಳ ಕಣ್ಣೆದುರು ಪೆಟ್ಟಿಗೆ ಇಡಲು ಗೆರಿಟ್‌ಗೆ ಮನಸ್ಸು ಬರಲಿಲ್ಲ. "ಲ್ಯಾಬಲ್ಲಿ ಹಂಚಿಬಿಡ್ತೀನಿ," ಎಂದು ಹೇಳಿ ಕಾರಿಗೆ ತುಂಬಿಕೊಂಡ.

ಹಂಚಿದನೇ? ಎಲ್ಲಿಯ ಹಂಚುವುದು! ದಿನಾ ಬೆಳಿಗ್ಗೆ ಲ್ಯಾಬಿನ ಹಿಂದೆ ಕಾರು ನಿಲ್ಲಿಸಿ, ಕಿಟಕಿ ಏರಿಸಿ, ಕಳ್ಳನ ಹಾಗೆ ತಾನೊಬ್ಬನೇ ತಿನ್ನುತ್ತಿದ್ದ. ಸಿಪ್ಪೆ ಕೋಟಿನ ಜೇಬಿಗೆ. ಅಲ್ಲಿಂದ ನೇರ ಇಲಿಗಳ ಕೋಣೆಗೆ. ಉಪ್ಪುನೀರಿನ ಇಲಿಗಳನ್ನು ಕಂಡರೆ ಅವನಿಗೆ ಏನೋ ಒಂದು ಅಂತಃಕರಣ. ಪಾಪ, ತಂತಿಯ ನೆಲದ ಮೇಲೆ ಕುಳಿತು ಉಚ್ಚೆ ಹೊಯ್ದುಕೊಡುವುದೊಂದೇ ಅವುಗಳ ಬಾಳು. ಮದ್ದು ಬಿದ್ದವಕ್ಕೆ ಮೇವೇ ಸೇರುತ್ತಿರಲಿಲ್ಲ, ಇವಾದರೋ ಕೈ ಕಂಡೊಡನೆ ಮೂಗೆತ್ತಿ ನಿಲ್ಲುತ್ತಿದ್ದವು. ಸಿಪ್ಪೆಗೆ ಚೂರು ಕಡಲೆಕಾಯಿ ಬೆಣ್ಣೆ ಸವರಿ ಒಂದೊಂದಕ್ಕೆ ಒಂದೊಂದು ತುಂಡು ಕೊಟ್ಟರೆ ಚಪ್ಪರಿಸಿ ಮುಗಿಸುತ್ತಿದ್ದವು. ಹೊರಗಿನ ತಿಂಡಿ ಒಳಗೆ ತರಬಾರದು ಎಂಬ ನಿಯಮ ಬಾಗಿಲ ಮೇಲೇ ಇತ್ತು. ಅದನ್ನು ಬರೆದವನೂ ಗೆರಿಟ್ಟೇ.

ಪ್ರಯೋಗ ಅರ್ಧ ದಾರಿಗೆ ಬಂದಾಗ ಎಡವಟ್ಟಾಯಿತು. ಏನೂ ಕೊಡದ, ಬರೀ ಉಪ್ಪುನೀರಿನ ಇಲಿಗಳ ಮೂತ್ರದಲ್ಲಿ ಪ್ರೋಟೀನು ಏರತೊಡಗಿತು. ಮುಂದಿನ ವಾರ ಇನ್ನಷ್ಟು. ರಕ್ತಪರೀಕ್ಷೆಯನ್ನು ಕೇಳಿದರೆ ಅದು ಎಂದಿನಂತೆ "ಚೆನ್ನಾಗಿದೆ" ಎಂದಿತು.

ಗೆರಿಟ್ ಮೊದಲು ಬಿದ್ದದ್ದು ಟಮೀಕಾಳ ಮೇಲೆ. ಇಲಿಗಳ ಕೋಣೆಯನ್ನು ಮೊದಲಿನಿಂದ ನೋಡಿಕೊಂಡು ಬಂದವಳು ಅವಳು.

"ಮೂತ್ರದ ಸೀಸೆಗಳು ಅದಲು ಬದಲು ಆಗಿರ್ಬಹುದಾ ಟಮೀಕಾ?"

"ಆಗಿಲ್ಲ ಡಾಕ್ಟ್ರೇ."

"ಪಂಜರ ತೊಳೆಯೋ ಸೋಪು?"

"ಅದೇ ಹಳೇ ಸೋಪು."

"ನಿನ್ನ ಕೈಗೆ ಏನಾದ್ರೂ ಹಚ್ಕೊಂಡಿದ್ಯಾ? ಕ್ರೀಮು ಗೀಮು?"

ಟಮೀಕಾ ಕೈಗವಸು ಕಿತ್ತು ಅವನ ಮೂಗಿನ ಹತ್ತಿರ ಕೈ ಹಿಡಿದಳು. "ಮೂಸಿ ನೋಡಿ. ಇನ್ನೇನು ಕೇಳ್ಬೇಕೋ ಈಗ್ಲೇ ಕೇಳ್ಬಿಡಿ. ನನ್ನ ಮಕ್ಳೂ ನನ್ನ ಇಷ್ಟು ಕೇಳಲ್ಲ."

ಅವಳ ಕೈಯಲ್ಲಿ ಸೋಪಿನ ವಾಸನೆಯೇ ಇತ್ತು. ಆಮೇಲೆ ಗೆರಿಟ್ ನೀರಿನ ಮೇಲೆ ಬಿದ್ದ, ಮೇವಿನ ಮೇಲೆ ಬಿದ್ದ, ಮೇವು ತಂದ ಲಾರಿಯವನನ್ನೂ ಬಿಡಲಿಲ್ಲ. ಅನುಮಾನ ಪಡದೆ ಬಿಟ್ಟದ್ದು ಒಬ್ಬನನ್ನೇ, ಅವನು ಕನ್ನಡಿಯಲ್ಲಿ ಕಾಣುವವನು.

ಕೊನೆಗೆ ಪ್ರಯೋಗದ ಮುಖ್ಯಸ್ಥ ಶಿಮಾನ್ಸ್ಕಿ ಕರೆಸಿದ. ಇಬ್ಬರೂ ಒಟ್ಟಿಗೆ ಓದಿದವರು, ಒಟ್ಟಿಗೆ ಬೋಳಾದವರು.

"ಕೂತ್ಕೋ ಗೆರಿಟ್. ನಿನ್ನ ಪರೀಕ್ಷೆ ಸುಮ್ಸುಮ್ನೆ ಬೊಬ್ಬೆ ಹೊಡೀತಿದೆ ಮಾರಾಯ. ಏನೂ ಆಗ್ದಿರೋ ಇಲಿಗೂ ಕಿಡ್ನಿ ಹೋಯ್ತು ಅಂತಿದೆ. ಇದನ್ನ ಆಸ್ಪತ್ರೆಗೆ ಕಳ್ಸಿದ್ರೆ ಜನ ಗಾಬರಿಯಾಗಿ ಬದುಕ್ಸೋ ಔಷಧೀನೇ ನಿಲ್ಸಿಬಿಡ್ತಾರೆ."

"ಗಂಡಿಲಿಗಳಲ್ಲಿ ಮಾತ್ರ ಏರ್ತಿದೆ. ಹೆಣ್ಣಿಲಿಗಳು ಸರಿಯಾಗಿವೆ," ಎಂದ ಗೆರಿಟ್. ಆ ಮಾತು ಅವನ ಬಾಯಿಂದಲೇ ಬಂತು, ಕಿವಿಗೆ ಮಾತ್ರ ಬೀಳಲಿಲ್ಲ.

"ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಹೇಳೋ ಪರೀಕ್ಷೇನ ಇಟ್ಕೊಂಡು ಏನ್ ಮಾಡ್ಲಿ? ನಾಳೆ ಸಭೆ ಇದೆ. ನಿಲ್ಸೋದು ಅಂತ ನೀನೇ ಹೇಳ್ಬಿಡು. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಗೆರಿಟ್ ಆಯಿತೆಂದು ತಲೆಯಾಡಿಸಿ ಮನೆಗೆ ಬಂದ. ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಯಿತೆಂದು ಅವನಿಗೆ ಅಳು ಬರುವಂತಿತ್ತು. ಅದಕ್ಕಿಂತ ಹೆಚ್ಚಾಗಿ, ನಾಳೆ ಇನ್ಯಾರದೋ ಹೆಂಡತಿಗೆ ಆ ಮದ್ದು ಏರಿಸುವಾಗ ರಕ್ತಪರೀಕ್ಷೆ "ಚೆನ್ನಾಗಿದೆ" ಎನ್ನುತ್ತಲೇ ಇರುತ್ತದಲ್ಲ ಎನ್ನುವ ಚಿಂತೆ. ವಿಲ್ಮಾ ಅವನಿಗೆ ಬಟಾಣಿ ಸಾರು ಬಡಿಸಿ ಎದುರಿಗೆ ಕುಳಿತಳು. ಅವನು ಎಲ್ಲವನ್ನೂ ಹೇಳಿದ.

"ಗಂಡಿಲಿಗೆ ಮಾತ್ರಾನಾ?" ಎಂದಳು ವಿಲ್ಮಾ. "ಗಂಡಿಲಿಗೆ ಮಾತ್ರ ಏನೋ ಆಗುತ್ತೆ ಅಂತ ನೀನು ಹಿಂದೆ ಕಾಲೇಜು ಹುಡುಗರಿಗೆ ಪಾಠ ಮಾಡ್ತಿದ್ಯಲ್ಲ? ನಮ್ಮನೆ ಊಟದ ಮೇಜಲ್ಲೇ ಅಭ್ಯಾಸ ಮಾಡ್ಕೋತಿದ್ದೆ, ನನಗೂ ಬಾಯಿಪಾಠ ಆಗಿತ್ತು. ಯಾವುದೋ ಎಣ್ಣೆ."

"ಅದು ಬಿಡು, ಅದು ಕಿತ್ತಳೆ ಸಿಪ್ಪೆ ಎಣ್ಣೆ. ಗಂಡಿಲಿ ಮೈಯಲ್ಲಿ ಬೇರೆ ಒಂದು ಪ್ರೋಟೀನಿರುತ್ತೆ, ಅದಕ್ಕೆ ಆ ಎಣ್ಣೆ ಅಂಟ್ಕೊಂಡು ಕಿಡ್ನೀಲಿ ತುಂಬ್ಕೊಂಡು ಕೊಳವೆಗಳನ್ನ ಘಾಸಿ ಮಾಡುತ್ತೆ. ಹೆಣ್ಣಿಲಿಗೂ ಇಲ್ಲ, ಮನುಷ್ಯರಿಗೂ ಇಲ್ಲ. ಲ್ಯಾಬಲ್ಲಿ ಕಿತ್ತಳೆ ಎಲ್ಲಿಂದ ಬರ್ಬೇಕು?"

ವಿಲ್ಮಾ ಅವನ ಕೈ ಹಿಡಿದೆಳೆದು ಬೆರಳು ಮೂಸಿದಳು. "ಇಲ್ಲಿಂದ," ಎಂದಳು. "ಕಿಡ್ನಿ ಹೋಗಿರೋದು ಕಣೋ, ಮೂಗಲ್ಲ. ಪೆಟ್ಟಿಗೆ ಬಂದಾಗಿಂದ ದಿನಾ ಕಿತ್ತಳೆ ವಾಸನೆ ಹೊಡ್ಕೊಂಡು ಮನೆಗೆ ಬರ್ತೀಯ. ಕದ್ದು ತಿಂದ್ಯಲ್ಲ, ಸಿಪ್ಪೆ ಏನ್ ಮಾಡ್ದೆ?"

ಚಮಚ ಗೆರಿಟ್‌ನ ಕೈಯಿಂದ ಸಾರಿನೊಳಗೆ ಬಿತ್ತು. "ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ತನ್ನ ಬೋಳು ತಲೆಗೆ ತಾನೇ ಬಾರಿಸಿಕೊಂಡ.

ಮರುದಿನ ಸಭೆಯಲ್ಲಿ ಎಲ್ಲರೂ ಪರೀಕ್ಷೆಗೆ ಮಣ್ಣು ಹಾಕಲು ಗಂಭೀರ ಮುಖ ಮಾಡಿ ಕುಳಿತಿದ್ದರು. ಗೆರಿಟ್ ಎದ್ದು ನಿಂತು ಜೇಬಿನಿಂದ ಒಣಗಿದ ಸಿಪ್ಪೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಪರೀಕ್ಷೆ ಸುಳ್ಳು ಹೇಳ್ತಿಲ್ಲ. ಗಂಡಿಲಿಗಳ ಕಿಡ್ನಿಗೆ ನಿಜವಾಗ್ಲೂ ಏಟಾಗಿದೆ. ಅದನ್ನ ಮಾಡಿದೋನು ನಾನು, ಮುದ್ದು ಮಾಡಕ್ಕೆ ಹೋಗಿ," ಎಂದ. "ಅದು ನಿಜ ಹೇಳ್ತಿದ್ರೂ ಕಿವಿ ಮುಚ್ಕೊಂಡಿದ್ದೋನೂ ನಾನೇ. ನಾನು ಕಟ್ಟಿದ ಪರೀಕ್ಷೆಗೆ ನನಗಿಂತ ಬುದ್ಧಿ ಜಾಸ್ತಿ ಅಂತ ಬರ್ಕೊಳ್ಳಿ."

ಹಿಂದಿನ ಸಾಲಿನಲ್ಲಿದ್ದ ಟಮೀಕಾ ಕೇಳಿದಳು: "ಡಾಕ್ಟ್ರೇ, ಈಗ ನಿಮ್ಮ ಕೈ ಮೂಸ್ಬಹುದಾ?" ಇಡೀ ಸಭೆ ಗೊಳ್ಳೆಂದು ನಕ್ಕಿತು. ಗೆರಿಟ್ ಎಲ್ಲರೆದುರೂ ಅವಳ ಕ್ಷಮೆ ಕೇಳಿದ, ಮನಸಾರೆ ಕೇಳಿದ.

ಇಲಿಗಳ ಕಿಡ್ನಿಯನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ, ಸಿಪ್ಪೆ ತಿಂದ ಗಂಡಿಲಿಗಳ ಕೊಳವೆಗಳಲ್ಲಿ ಎಣ್ಣೆ ಅಂಟಿದ ಆ ಪ್ರೋಟೀನಿನ ಹನಿಗಳು ತುಂಬಿಕೊಂಡಿದ್ದವು. ಅವನು ಅಷ್ಟು ಅಕ್ಕರೆಯಿಂದ ತಿನ್ನಿಸಿದ್ದ ಬಡಪಾಯಿಗಳು ಅವು. ಗೆರಿಟ್ ಬಹಳ ಹೊತ್ತು ಕಣ್ಣು ತೆಗೆಯದೆ ನೋಡಿದ, ಯಾವ ತಮಾಷೆಯೂ ಹೊಳೆಯಲಿಲ್ಲ. ಶಿಮಾನ್ಸ್ಕಿ ಬೆನ್ನು ತಟ್ಟಿ, "ಈ ಪ್ರಯೋಗ ಕೆಡ್ತು, ಪರೀಕ್ಷೆ ಉಳೀತು. ಹೊಸ ಇಲಿ ತರಿಸ್ತೀನಿ. ಆದ್ರೆ ನೀನು ಆ ಕೋಣೆ ಕಡೆ ತಲೆ ಹಾಕಿದ್ರೆ ನೋಡು," ಎಂದ. ಕೋಣೆಯ ಬೀಗದ ಕಾರ್ಡನ್ನು ಟಮೀಕಾ ಅಂದೇ ಅವನ ಕೊರಳಿನಿಂದ ಬಿಚ್ಚಿಕೊಂಡಳು.

ಆ ಸಂಜೆ ಮನೆಯಲ್ಲಿ, ವಿಲ್ಮಾ ಕಾರಿನಿಂದ ಉಳಿದ ಕಿತ್ತಳೆಗಳನ್ನು ತಂದು ಮೇಜಿನ ಮೇಲೆ ಸುರಿದಿದ್ದಳು.

"ಇಲ್ಲೇ ತಿನ್ನು. ನನ್ನ ಮುಂದೆ."

"ನಿನ್ನ ಮುಂದೆ ಹೇಗೆ ವಿಲ್ಮಾ..."

"ಸುಲಿ."

ಅವನು ಸುಲಿದ. ಅವಳು ಸಿಪ್ಪೆಯನ್ನು ಹಿಂಡಿ, ಕಣ್ಣು ಮುಚ್ಚಿ, ಎದೆ ತುಂಬ ವಾಸನೆ ಎಳೆದುಕೊಂಡಳು. "ಇದು ಗಂಡಿಲಿಗೆ ಮಾತ್ರ ಅಲ್ವಾ? ನೀನು ಹುಷಾರು," ಎಂದಳು. ಆಮೇಲೆ ಅವನ ಕೈಯಿಂದ ಒಂದು ತೊಳೆ ಕಿತ್ತು ಬಾಯಿಗೆ ಹಾಕಿಕೊಂಡೇಬಿಟ್ಟಳು.

"ವಿಲ್ಮಾ! ನಿನಗೆ ಆಗಲ್ಲ!"

"ಒಂದು ತೊಳೆ ಆಗುತ್ತೆ. ಡಾಕ್ಟ್ರು ಮೊದಲ ವರ್ಷಾನೇ ಹೇಳಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲೋ. ಪೆಟ್ಟಿಗೆ ಬರೋದು ತಡ, ಎತ್ಕೊಂಡು ಓಡ್ತಿದ್ದೆ. ನಾನು ವರ್ಷಾ ವರ್ಷಾ ಬಾಗಿಲಲ್ಲಿ ನಿಂತು ನೋಡ್ತಿದ್ದೆ."

ಅವಳು ಆ ತೊಳೆಯನ್ನು ಬಾಯೊಳಗೆ ಎಷ್ಟೋ ಹೊತ್ತು ಇಟ್ಟುಕೊಂಡು ಸವಿದಳು. ಗೆರಿಟ್ ಇನ್ನೊಂದು ಹಣ್ಣು ತೆಗೆದುಕೊಂಡು, ನಾಳೆ ಅವಳಿಗೊಂದು ತೊಳೆ ಎಂದು ಬಿಡಿಸಿ, ಬಟ್ಟಲಿನಲ್ಲಿಟ್ಟು ಮುಚ್ಚಿದ.