ಅವರೆಕಾಯಿಯಡಿಯ ಸುದ್ದಿ

ಇವತ್ತು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಎಳೆದು, ಯಜಮಾನರಿಗೆ ಕಾಫಿ ಕೊಟ್ಟು, ಊಟದ ಡಬ್ಬಿ ಕಟ್ಟಿ ಕಳಿಸಿದೆ. ಆಮೇಲೆ ಜಗಲಿಯಲ್ಲಿ ನಿನ್ನೆಯ ಪೇಪರ್ ಹರಡಿ ಅವರೆಕಾಯಿ ಸುರಿದುಕೊಂಡು ಕೂತೆ. ಕೊಳ್ಳೇಗಾಲದ ಮಾರ್ಕೆಟ್ಟಿಗೆ ಈಗ ಸೊಗಡಿನ ಕಾಯಿ ಬರತೊಡಗಿದೆ. ನಾಲ್ಕು ಕಾಯಿ ಬಿಡಿಸುವಷ್ಟರಲ್ಲಿ ಬೆರಳಿಗೆ ಆ ಜಿಡ್ಡು, ಮೂಗಿಗೆ ಆ ವಾಸನೆ, ಅದರೊಳಗೆ ಬೆರೆತ ಪೇಪರಿನ ಮಸಿಯ ವಾಸನೆ... ಕೈ ತಾನಾಗಿ ನಿಂತಿತು. ತಲೆ ಎತ್ತಿ ಎದುರು ಮನೆ ನೋಡಿದೆ. ಅಲ್ಲೀಗ ಮೊಬೈಲ್ ರಿಪೇರಿ ಅಂಗಡಿ.

ಆ ಮನೆಯಲ್ಲಿದ್ದವರು ನಮಗೆ ನೆಂಟರೇನಲ್ಲ. ನಾನೇ ಅವರನ್ನು ದೊಡ್ಡಪ್ಪ, ದೊಡ್ಡಮ್ಮ ಎನ್ನುತ್ತಿದ್ದೆ. ದೊಡ್ಡಪ್ಪ ಹನೂರು ಕಡೆ ಕಾಡಿನಲ್ಲಿ ವಾಚರ್ ಆಗಿದ್ದು ರಿಟೈರ್ ಆದವರು. ದೊಡ್ಡಮ್ಮನ ತವರೂ ಆ ಕಾಡಂಚಿನ ಒಂದು ಹಳ್ಳಿಯೇ. ಮಕ್ಕಳಿರಲಿಲ್ಲ. ದಿನಾ ಬೆಳಿಗ್ಗೆ ಇಬ್ಬರ ನಡುವೆ ಪೇಪರ್ ಹಾಸಿರುತ್ತಿತ್ತು. ದೊಡ್ಡಪ್ಪ ಓದಬೇಕು, ದೊಡ್ಡಮ್ಮ ಅದರ ಮೇಲೇ ತರಕಾರಿ ಹರಡಬೇಕು.

"ಲೇ ಅಮ್ಮಿ, ಆ ಕಾಯ ಅತ್ಲಾಗೆ ಸರ್ಸು. ಆನೆ ಸುದ್ದಿ ಅದರಡೀಲಿ ಅದೆ."

"ಆನೆ ಎಲ್ಲೂ ಓಗಲ್ಲ, ಇರಿ. ಕಾಯಿ ಬಿಡ್ಸಿ ಆಗ್ಲಿ."

ಕಾಯಿ ಸರಿದ ಕೂಡಲೇ ಜಗಳ ಶುರು. "ಇವುನ್ನೆಲ್ಲ ಇಡ್ದು ಲಾರಿಗಾಕಿ ಎಲ್ಲಾರಾ ಬುಟ್ಟು ಬರ್ಬೇಕು. ವರ್ಸದ ರಾಗೀನ ಒಂದೇ ಸಲಕ್ಕೆ ತುಳ್ದಾಕ್ತವೆ" ಎಂದು ದೊಡ್ಡಪ್ಪ. "ಅವ್ಕೂ ಒಟ್ಟೆ ಇಲ್ವಾ? ಅವುಗಳ ದಾರೀಲಿ ನಾವೋಗಿ ಒಲ ಮಾಡ್ಕಂಡಿರದು" ಎಂದು ದೊಡ್ಡಮ್ಮ. ಅಷ್ಟು ವರ್ಷ ಕಾಡಲ್ಲಿ ತಿರುಗಿದ ಮನುಷ್ಯ ಆನೆಯನ್ನು ಹೀಗೆ ಬೈಯುವುದು ನನಗೆ ಅರ್ಥವೇ ಆಗುತ್ತಿರಲಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಆದಾಗಲೂ ಹಾಗೇ. "ಎಣ್ಮಕ್ಳೂ ನಾಕೂರು ನೋಡ್ಲಿ ಬುಡು" ಎಂದರು ದೊಡ್ಡಪ್ಪ. "ಗಂಡಸ್ರೇನು ಪಾಪ ಮಾಡವ್ರೆ, ಬೆಟ್ಟದ ತಂಕ ನಿಂತ್ಕಂಡೇ ಬರಕ್ಕೆ?" ಎಂದರು ದೊಡ್ಡಮ್ಮ. ಹಾಗೆಂದವರು ಅಮಾವಾಸ್ಯೆ ಬಂದರೆ ಅದೇ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು ಮಾದಪ್ಪನ ಬೆಟ್ಟಕ್ಕೆ ಹೋಗಿಬರುತ್ತಿದ್ದರು. ದೊಡ್ಡಪ್ಪ ಪಕ್ಕದಲ್ಲಿ ಕಂಬಿ ಹಿಡಿದು ನಿಂತು...

ನಾವು ಕಾನ್ವೆಂಟಿನಲ್ಲಿ ಡಿಬೇಟ್ ಮಾಡುವಾಗ ಸಿಸ್ಟರ್ ಚೀಟಿ ಎತ್ತಿಸುತ್ತಿದ್ದರು. ಚೀಟಿಯಲ್ಲಿ ಪರ ಎಂದಿದ್ದರೆ ಪರ, ವಿರೋಧ ಎಂದಿದ್ದರೆ ವಿರೋಧ. ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಗಂಟೆ ಹೊಡೆದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರದು ಮುಗಿಯುತ್ತಲೇ ಇರಲಿಲ್ಲ. ಇದು ಪ್ರೀತಿಯೋ, ಒಬ್ಬರಿಗೊಬ್ಬರು ಆಗದಿರುವುದೋ? ನನಗಂತೂ ತಿಳಿಯಲಿಲ್ಲ.

ಒಂದು ಚಳಿಗಾಲ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಮೈಸೂರಿನ ಆಸ್ಪತ್ರೆಯಿಂದ ಕರೆತಂದು ಅದೇ ಜಗಲಿಯ ಕುರ್ಚಿಯಲ್ಲಿ ಕೂರಿಸಿದರು. ಮಾತಾಡಿಸುತ್ತಾ ಇರಿ, ಮಾತು ಬಂದರೂ ಬರಬಹುದು ಎಂದಿದ್ದರಂತೆ ಡಾಕ್ಟರು. ದೊಡ್ಡಮ್ಮನಿಗೆ ಓದಲು ಬಾರದು. "ಮಗ, ಸ್ವಲ್ಪ ಬಂದು ಓದವ್ವ" ಎಂದು ನನ್ನನ್ನು ಕರೆದರು.

ಮೊದಲ ದಿನವೇ ಹನೂರು ಕಡೆ ಹೊಲಗಳಿಗೆ ಆನೆ ಹಿಂಡು ನುಗ್ಗಿದ ಸುದ್ದಿ. ನಾನು ಓದಿ ಮುಗಿಸಿದೆ. ದೊಡ್ಡಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು. ಕಾದರು. ದೊಡ್ಡಪ್ಪನ ಬಾಯಿಯ ಒಂದು ಕೊನೆ ಸ್ವಲ್ಪ ಅದುರಿತು, ಅಷ್ಟೇ. ಆಗ ದೊಡ್ಡಮ್ಮ ತಾವೇ ಶುರು ಮಾಡಿದರು. "ಇವುನ್ನೆಲ್ಲ ಇಡ್ದು ಲಾರಿಗಾಕ್ಬೇಕು!"

ನಾನು ತಬ್ಬಿಬ್ಬಾದೆ. ಅದು ದೊಡ್ಡಪ್ಪನ ಮಾತಲ್ಲವೇ? ಮಾರನೆಯ ದಿನವೂ ಅದೇ, ಇನ್ನೂ ಜೋರಾಗಿ. ದೊಡ್ಡಪ್ಪ ಎಡಗೈಯಲ್ಲಿ ಕುರ್ಚಿ ಕುಟ್ಟುತ್ತಿದ್ದರು, ಕಣ್ಣಲ್ಲಿ ನೀರು. ಬೀದಿಯವರು ಬೈದುಕೊಂಡರು, ಕಾಯಿಲೆ ಬಿದ್ದ ಗಂಡನನ್ನು ಅಣಕಿಸುತ್ತಾಳಲ್ಲ ಎಂದು. ನಾನೂ ತಡೆಯಲಾರದೆ, "ಪಾಪ ದೊಡ್ಡಮ್ಮ, ಯಾಕೆ ರೇಗಿಸ್ತೀರಿ?" ಎಂದೆ.

"ನೀ ಓದು ಮಗ" ಎಂದರು.

ಒಂದು ದಿನ ದೊಡ್ಡಮ್ಮನ ಮಾತು ಬಹಳ ಖಾರವಾಯಿತು. "ಒಂದನ್ನೂ ಉಳುಸ್ಬಾರ್ದು" ಎಂದುಬಿಟ್ಟರು. ದೊಡ್ಡಪ್ಪ ಬಾಗಿ ಎಡಗೈ ಬೀಸಿದರು. ಕಾಳು, ಸಿಪ್ಪೆ ಎಲ್ಲಾ ಜಗಲಿಯ ತುಂಬಾ ಚೆಲ್ಲಾಡಿತು.

"ಪಾ...ಪ" ಎಂದರು. ಮತ್ತೆ ಉಸಿರೆಳೆದು, "ಆನೆ... ಪಾಪ."

ದೊಡ್ಡಮ್ಮ ಕುರ್ಚಿಯಡಿ ಕಾಳು ಹೆಕ್ಕಲು ಬಗ್ಗಿದವರು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಎತ್ತಿದಾಗ ಮೂಗು ಕೆಂಪಾಗಿತ್ತು. "ಏನ್ ಪಾಪ? ಅವು ತಿಂದಿದ್ದು ನಿಮ್ಮಪ್ಪನ ಮನೆ ರಾಗಿಯಾ?" ಎಂದು ದಬಾಯಿಸಿದರು. ದೊಡ್ಡಪ್ಪ ಸೊಟ್ಟ ಬಾಯಲ್ಲೇ ನಕ್ಕರು.

ಮಾತು ಬಂತೆಂದು ನನಗೂ ಸಂತೋಷ. ಆದರೆ ಇಷ್ಟು ವರ್ಷ ಆನೆಯನ್ನು ಬೈದ ಬಾಯಿಂದ ಮೊದಲು ಬಂದ ಮಾತು ಇದೇಕೆ? ಇಬ್ಬರನ್ನೂ ಕೇಳಲು ಆಗಲಿಲ್ಲ. ಯುಗಾದಿ ಕಳೆದು ದೊಡ್ಡಪ್ಪ ಹೋದರು. ಆಮೇಲೂ ಕೆಲವು ದಿನ ಪೇಪರ್ ಓದಿ ಹೇಳುತ್ತಿದ್ದೆ. ಆನೆ ಸುದ್ದಿ ಬಂದರೆ ದೊಡ್ಡಮ್ಮ, "ಅದು ಬ್ಯಾಡ ಮಗ, ಬೇರೆ ಓದು" ಎಂದು ಅದರ ಮೇಲೆ ಸೊಪ್ಪೋ ಕಾಯೋ ಗುಡ್ಡೆ ಹಾಕುತ್ತಿದ್ದರು. ಮುಂದಿನ ಅವರೆ ಕಾಲಕ್ಕೆ ಅವರೂ ಇರಲಿಲ್ಲ...

ಸಂಜೆ ಕಾಳು ಹಿಚುಕುತ್ತಾ ಕೂತಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದಿರುವಾಕೆ ಕರಿಬೇವು ಕೇಳಲು ಬಂದಳು. ಅವಳದೂ ದೊಡ್ಡಮ್ಮನ ತವರಿನ ಹಳ್ಳಿಯೇ. ಬೆಳಗಿನಿಂದ ಮನಸ್ಸಿನಲ್ಲಿದ್ದುದನ್ನು ಅವಳಿಗೆ ಹೇಳಿದೆ. ಆನೆಯೆಂದರೆ ನಮ್ಮ ದೊಡ್ಡಮ್ಮನಿಗೆ ಎಷ್ಟು ಕರುಣೆ ಇತ್ತು ಗೊತ್ತಾ, ಎಂದೆ.

ಅವಳು ನಾನು ಕೊಟ್ಟ ಕರಿಬೇವಿನ ಎಸಳು ಬಿಡಿಸುತ್ತಲೇ ಅಂದಳು: "ಕರುಣೆನಾ? ಆಯಮ್ಮನ ಒಡುಟ್ಟಿದ ಅಣ್ಣನ್ನ ತುಳಿದಾಕಿದ್ದೇ ಆನೆ ಕಣಕ್ಕಾ, ರಾಗಿ ಒಲದಲ್ಲಿ. ಅವತ್ತಿಂದ ಆನೆ ಎಸ್ರೆತ್ತಿದ್ರೆ ಶಾಪ ಆಕ್ತಿತ್ತು, ನಮ್ಮೂರಲ್ಲಿ ಎಲ್ರಿಗೂ ಗೊತ್ತು... ಕಾಯಿ ಒಳ್ಳೆ ಸೊಗಡಾಗದೆ, ಎಲ್ಲಿ ತಂದ್ರಿ?"